ಮೂಡಲ ಬಾಗಿಲು ದಾಟಿದ ಮೇಲೆ

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಮೈಸೂರು ಸೀಮೆಯ ಎತ್ತರದ ನೆಲ ಪೂರ್ವಕ್ಕೆ ಇಳಿಯತೊಡಗುವ ಕಡೆ ಇರುವ ಊರಿಗೆ ಹಿರಿಯರು ಇಟ್ಟ ಹೆಸರು. ಒಂದು ಕಾಲಕ್ಕೆ ಈ ಬಾಗಿಲು ದಾಟಿದವರು ತಿರುಪತಿಗೋ ಮದರಾಸಿಗೋ ಹೋಗಿ, ಮುಡಿ ಕೊಟ್ಟೋ ವ್ಯಾಪಾರ ಮುಗಿಸಿಯೋ ಹಿಂದಿರುಗುತ್ತಿದ್ದರು. ಹೋಗುವಾಗ ಯಾರೂ ಕಾಗದ ಕೇಳುತ್ತಿರಲಿಲ್ಲ; ಬರುವಾಗಲೂ ಕೇಳುತ್ತಿರಲಿಲ್ಲ. ಈಗ ಬಾಗಿಲು ಬೇರೆ ಕಡೆ ಇದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲೆ ಕೋಲಾರ, ಮಾಲೂರು, ಶ್ರೀನಿವಾಸಪುರದ ಹುಡುಗರಿಗೆ ಹೊರದೇಶ ಬಹಳ ಹತ್ತಿರವಾಗಿದೆ. ಆದರೆ ಈ ಬಾಗಿಲು ದಾಟಿದವರನ್ನು ಆಚೆ ಕಡೆ ಕೇಳುವ ಮೊದಲ ಪ್ರಶ್ನೆ ಒಂದೇ: ‘ನೀನು ಯಾವ ದೇಶದವನು?’ ಎರಡನೆಯದು: ‘ಅದಕ್ಕೆ ಏನು ಆಧಾರ?’

ಮೊದಲ ಪ್ರಶ್ನೆಗೆ ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕಿಕೊಂಡು ಊರಿನಲ್ಲಿರುವ ವಯಸ್ಸಾದ ತಾಯಿ ಕೈಚೀಲ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ.

ಅಂಥ ಒಬ್ಬ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಹಲವು ಮನೆಗಳ ಪಾಡನ್ನು ಒಂದೇ ಮನೆಯಲ್ಲಿ ಕೂಡಿಸಿದರೆ ಕಾಣುವ ಚಿತ್ರ ಇದು. ಆಕೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವಳು. ಮನೆಗೆ ಎರಡು ಎಕರೆ ಮಾವಿನ ತೋಪು. ಮಗ ಕುವೈತಿನಲ್ಲಿ ಲಾರಿ ರಿಪೇರಿಯ ಕೆಲಸದಲ್ಲಿದ್ದಾನೆ. ಸೊಸೆ ಮಾಲೂರಿನ ಹುಡುಗಿ. ಮದುವೆ ನಡೆದದ್ದು ಮುಳಬಾಗಿಲಿನ ಆಂಜನೇಯಸ್ವಾಮಿ ದೇವಸ್ಥಾನದಲ್ಲಿ. ಅಲ್ಲಿ ಕುವೈತಿನಲ್ಲೇ ಮೊಮ್ಮಗ ಹುಟ್ಟಿ ಹತ್ತು ತಿಂಗಳಾಗಿದೆ. ಈ ಹತ್ತು ತಿಂಗಳಲ್ಲಿ ಮನೆ ಬದಲಾಯಿಸುವಾಗ ಮಗನ ಪಾಸ್‌ಪೋರ್ಟ್ ಕಳೆದುಹೋಗಿದೆ. ಅದರ ನಕಲು ಪ್ರತಿಯೂ ಇಲ್ಲ. ಪಾಸ್‌ಪೋರ್ಟ್ ಇಲ್ಲದೆ ಅಪ್ಪ ತಾನು ಭಾರತೀಯನೆಂದು ತೋರಿಸಲಾರ. ಅಪ್ಪ ತೋರಿಸದೆ ಮಗುವಿನ ಹೆಸರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದಾಖಲಾಗುವುದು ಕಷ್ಟ. ದಾಖಲಾಗಲು ಕಾನೂನು ಕೊಟ್ಟಿರುವ ಅವಧಿ ಒಂದು ವರ್ಷ. ಉಳಿದಿರುವುದು ಎರಡು ತಿಂಗಳು.

‘ಅಮ್ಮಾ, ನಾನು ಹುಟ್ಟಿದ್ದಕ್ಕೆ ಕಾಗದ ಇದೆಯಾ?’ ಎಂದು ಮಗ ಫೋನಿನಲ್ಲಿ ಕೇಳುತ್ತಾನೆ. ‘ಹುಟ್ಟಿದ್ದಕ್ಕೆ ನಾನೇ ಇದೀನಲ್ಲೋ’ ಎನ್ನುತ್ತಾಳೆ ತಾಯಿ. ಆಕೆಯ ಮಾತಿನಲ್ಲಿ ತಪ್ಪಿಲ್ಲ. ಆದರೆ ಆಕೆಯನ್ನು ಅರ್ಜಿಯ ಜೊತೆ ಲಗತ್ತಿಸಲು ಬರುವುದಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಹೊರಗಿನಿಂದ ಬಂದು ನೋಂದಣಿಯ ಮೂಲಕ ಭಾರತದ ಪ್ರಜೆಯಾದವರಿಗೆ ಸರ್ಕಾರ ಒಂದು ಪ್ರಮಾಣಪತ್ರ ಕೊಡುತ್ತದೆ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇಲ್ಲೇ ಕಂದಾಯ ಕಟ್ಟಿದವರಿಗೆ ಮಾಮೂಲಾಗಿ ಅಂಥ ಪತ್ರ ಯಾವುದೂ ಇಲ್ಲ. 1955ರ ಪೌರತ್ವ ಕಾಯಿದೆಯ 13ನೇ ಸೆಕ್ಷನ್ ಪ್ರಕಾರ, ಒಬ್ಬರ ಪೌರತ್ವದ ಬಗ್ಗೆ ಸಂದೇಹ ಬಂದಾಗ ಕೇಂದ್ರ ಸರ್ಕಾರ ದೃಢೀಕರಿಸಿ ಪತ್ರ ಕೊಡಬಹುದು. ಆದರೆ ಅದು ಸಂದೇಹ ಬಂದವರ ಪಾಲಿಗೆ ಮಾತ್ರ. ಉಳಿದವರೆಲ್ಲ ನಾಲ್ಕಾರು ಸಾಮಾನ್ಯ ಕಾಗದಗಳನ್ನು ಒಂದಕ್ಕೊಂದು ಗಂಟು ಹಾಕಿಯೇ ತಮ್ಮ ಗುರುತನ್ನು ಕಟ್ಟಿಕೊಳ್ಳಬೇಕು. ಆಧಾರ್ ಕಾರ್ಡ್ ಇದೆಯಲ್ಲ ಎನ್ನುವವರುಂಟು. 2016ರ ಆಧಾರ್ ಕಾಯಿದೆಯೇ ತನ್ನ 9ನೇ ಸೆಕ್ಷನ್‌ನಲ್ಲಿ, ಆ ಸಂಖ್ಯೆ ಪೌರತ್ವಕ್ಕೆ ಪುರಾವೆಯಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಿದೆ. ಪ್ಯಾನ್ ಕಾರ್ಡ್ ತೆರಿಗೆಯ ಲೆಕ್ಕಕ್ಕೆ, ಪಡಿತರ ಚೀಟಿ ಅಕ್ಕಿ ರಾಗಿಗೆ. ಹೊರದೇಶದಲ್ಲಿ ಇರುವಾಗ ದಿನನಿತ್ಯದ ವ್ಯವಹಾರಕ್ಕೆ ನಡೆಯುವ ಪುರಾವೆ ಪಾಸ್‌ಪೋರ್ಟ್ ಒಂದೇ. ಅದು ಕೈತಪ್ಪಿದರೆ ಗಂಟು ಬಿಚ್ಚಿದ ಹಾಗೆ. ಮತ್ತೆ ಬುಡದಿಂದ ಕಟ್ಟಬೇಕು.

ಬುಡ ಎಲ್ಲಿದೆ ಎಂಬುದು ಹುಟ್ಟಿದ ವರ್ಷದ ಮೇಲೆ ನಿಂತಿದೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಒಂದೆರಡು ಅಪವಾದ ಬಿಟ್ಟರೆ, ಹುಟ್ಟಿನಿಂದಲೇ ಪ್ರಜೆಗಳು. ತಂದೆತಾಯಿ ಯಾರು ಎಂದು ಕಾನೂನು ಕೇಳುವುದಿಲ್ಲ. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ನಿಯಮ ಇನ್ನೂ ಬಿಗಿ: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಶ್ರೀನಿವಾಸಪುರದ ತಾಯಿಯ ಮಗ ಹುಟ್ಟಿದ್ದು 1989ರಲ್ಲಿ. ಅಂದರೆ ಕಾನೂನಿನ ಅಕ್ಷರ ಹಿಡಿದು ನೋಡಿದರೆ, ಅವನ ಕಾಗದದ ಜೊತೆಗೆ ಅವನ ಅಪ್ಪನದೋ ಅಮ್ಮನದೋ ಕಾಗದವೂ ಬೇಕು.

ಇನ್ನೂ ಹಿಂದಕ್ಕೆ ಹೋದರೆ ತಾತಂದಿರ ಕಾಲ. ಆಗ ಕೋಲಾರ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಇಲ್ಲಿನವರು ಮಹಾರಾಜರ ಪ್ರಜೆಗಳೇ ಹೊರತು ಬ್ರಿಟಿಷ್ ಪ್ರಜೆಗಳಲ್ಲ. ಸಂಸ್ಥಾನದವರು ಸಮುದ್ರ ದಾಟಿದರೆ ಅವರನ್ನು ಗುರುತಿಸುತ್ತಿದ್ದದ್ದು ‘ಬ್ರಿಟಿಷ್ ರಕ್ಷಣೆಗೆ ಒಳಪಟ್ಟ ವ್ಯಕ್ತಿ’ ಎಂದು. ಸಂವಿಧಾನ ಬರೆದವರಿಗೆ ಇಂಥವರ ನೆನಪಿತ್ತು. ತಾನೋ ತಂದೆತಾಯಿಯೋ ಅಜ್ಜ ಅಜ್ಜಿಯೋ ಭಾರತದಲ್ಲಿ ಹುಟ್ಟಿದ್ದು, ವಾಸ ಮಾತ್ರ ಹೊರದೇಶದಲ್ಲಿದ್ದರೆ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಪ್ರಜೆಯಾಗಬಹುದು ಎಂದು 8ನೇ ವಿಧಿಯಲ್ಲಿ ಬರೆದರು. ಅಲ್ಲಿ ‘ಭಾರತ’ ಎಂದರೆ 1935ರ ಕಾಯಿದೆ ಹೇಳಿದ ಭಾರತ. ಸಂಸ್ಥಾನಗಳೂ ಅದರೊಳಗೆ ಸೇರಿದ್ದವು. ಹೊರದೇಶದಲ್ಲಿ ಕುಳಿತು ಪೌರತ್ವಕ್ಕೆ ಕಾಗದ ಕೇಳುವ ವ್ಯವಹಾರ ಗಣರಾಜ್ಯದಷ್ಟೇ ಹಳೆಯದು ಎಂದಾಯಿತು.

ತಾಯಿಯ ಕೈಚೀಲಕ್ಕೆ ಮರಳಿದರೆ, ಆಕೆ ಮೊದಲು ಹೋಗುವುದು ಗ್ರಾಮ ಲೆಕ್ಕಿಗರ ಹತ್ತಿರ. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತಾಧಿಕಾರಿ. ಊರಿನ ಹಿರಿಯರು ಇನ್ನೂ ಶಾನುಭೋಗರು ಎಂದೇ ಕರೆಯುವುದುಂಟು. ಶಾನುಭೋಗಿಕೆ ಹೋಗಿದ್ದು 1963ರಲ್ಲಿ. ಜನನ ಮರಣ ನೋಂದಣಿಯ ಕೇಂದ್ರ ಕಾಯಿದೆ ಬಂದದ್ದು 1969ರಲ್ಲಿ. ಕರ್ನಾಟಕದಲ್ಲಿ ಅದು 1970ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಾಯಿದೆ ಇತ್ತೆಂದು ಎಲ್ಲರೂ ಬರೆಸಿದರು ಎಂದಲ್ಲ. ಹಳ್ಳಿಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆರಿಗೆಯಾದ ಮಗುವಿನ ಲೆಕ್ಕ ಬರೆಯಲು ಅಪ್ಪನೇ ಹೋಗಿ ಹೇಳಬೇಕಿತ್ತು. ಅಪ್ಪನಿಗೆ ಬಿತ್ತನೆಯ ಕಾಲ.

‘ನಿಮ್ಮ ಹುಡುಗ ಹುಟ್ಟಿದ್ದು ಎಲ್ಲಮ್ಮಾ?’ ಎಂದು ಲೆಕ್ಕಿಗರು ಕೇಳುತ್ತಾರೆ.

‘ನಮ್ಮಮ್ಮನ ಮನೇಲಿ ಸ್ವಾಮಿ. ಪುಂಗನೂರು ಹತ್ತಿರ.’

‘ಹಾಗಾದ್ರೆ ನಮ್ಮ ಪುಸ್ತಕದಲ್ಲಿ ಇರಲ್ಲಮ್ಮಾ. ಅಲ್ಲೇ ಕೇಳಬೇಕು.’

ಗಡಿ ತಾಲ್ಲೂಕುಗಳ ಮನೆಮನೆಯಲ್ಲೂ ಇರುವ ತೊಡಕು ಇದು. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಜಾಗದಲ್ಲಿ, ಅಪ್ಪನ ಊರಿನಲ್ಲಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಪದ್ಧತಿ. ಶ್ರೀನಿವಾಸಪುರದವರ ತವರು ಪುಂಗನೂರು, ಮದನಪಲ್ಲಿಯ ಕಡೆ. ಮುಳಬಾಗಿಲಿನವರದು ಪಲಮನೇರಿನ ಕಡೆ. ಮಾಲೂರಿನವರದು ಹೊಸೂರಿನ ಕಡೆ. ಹೀಗಾಗಿ ಕನ್ನಡದಲ್ಲಿ ಶಾಲೆ ಕಲಿತ ಹುಡುಗನ ಜನನದ ದಾಖಲೆ ತೆಲುಗಿನಲ್ಲೋ ತಮಿಳಿನಲ್ಲೋ ಇರುತ್ತದೆ. ಕೋಲಾರದವರಿಗೆ ತೆಲುಗು ಪರಕೀಯವಲ್ಲ, ಅದೊಂದು ಪುಣ್ಯ. ಆದರೆ ಇನ್ನೊಂದು ರಾಜ್ಯದ ಕಚೇರಿಗೆ ಹೋಗಿ, ಮೂರೂವರೆ ದಶಕದ ಹಿಂದಿನ ಪುಸ್ತಕ ತೆಗೆಸುವುದು ಒಂದು ದಿನದ ಕೆಲಸವಲ್ಲ.

ಜಿಲ್ಲೆಗಳೂ ನಿಂತ ಕಡೆ ನಿಲ್ಲುವುದಿಲ್ಲ. 2007ರಲ್ಲಿ ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದರು. ಚಿಂತಾಮಣಿಯಲ್ಲಿ ಹುಟ್ಟಿದವನ ಹಳೆಯ ಕಾಗದದಲ್ಲಿ ಕೋಲಾರ ಜಿಲ್ಲೆ, ಹೊಸ ವಿಳಾಸದಲ್ಲಿ ಚಿಕ್ಕಬಳ್ಳಾಪುರ. 2022ರಲ್ಲಿ ಆಂಧ್ರದವರು ಚಿತ್ತೂರನ್ನು ಒಡೆದಾಗ ಮದನಪಲ್ಲಿ ಅನ್ನಮಯ್ಯ ಜಿಲ್ಲೆಗೆ ಹೋಯಿತು. 1973ರ ನವೆಂಬರ್‌ಗೆ ಮೊದಲಿನ ಕಾಗದವಾದರೆ ರಾಜ್ಯದ ಹೆಸರೇ ಮೈಸೂರು. ಇದೆಲ್ಲ ಊರಿನವರಿಗೆ ಗೊತ್ತು. ದೂರದ ದೇಶದಲ್ಲಿ ಅರ್ಜಿ ನೋಡುವವನಿಗೆ ಗೊತ್ತಿರಬೇಕೆಂದೇನೂ ಇಲ್ಲ. ಅವನಿಗೆ ಕಾಣುವುದು ಒಂದೇ ಮನುಷ್ಯನಿಗೆ ಎರಡು ಹುಟ್ಟೂರು.

ಹೆಸರಿನದು ಇದಕ್ಕಿಂತ ದೊಡ್ಡ ರಗಳೆ. ಈ ಸೀಮೆಯಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವವರು ಕಡಿಮೆ. ಊರಿಗೊಂದು, ಅಪ್ಪನಿಗೊಂದು ಅಕ್ಷರ, ಆಮೇಲೆ ಹೆಸರು, ಅಷ್ಟಕ್ಕೆ ಮುಗಿಯಿತು. ಹೊರದೇಶದ ಅರ್ಜಿಯಲ್ಲಿ ಕುಟುಂಬದ ಹೆಸರು ಬರೆಯಲು ಬೇರೆ ಕಾಲಂ ಇರುತ್ತದೆ. ಒಮ್ಮೆ ಅಲ್ಲಿ ಊರಿನ ಹೆಸರು ಹೋಗುತ್ತದೆ, ಇನ್ನೊಮ್ಮೆ ಅಪ್ಪನ ಹೆಸರು. ಅಪ್ಪನ ಹೆಸರು ಪಹಣಿಯಲ್ಲಿ ಮುನಿವೆಂಕಟಪ್ಪ, ಮತದಾರರ ಪಟ್ಟಿಯಲ್ಲಿ ಮುನೆಂಕಟಪ್ಪ, ಶಾಲೆಯ ದಾಖಲೆಯಲ್ಲಿ ಎಂ. ವೆಂಕಟಪ್ಪ. ಕರೆದರೆ ಮೂರಕ್ಕೂ ಓಗೊಡುವವನು ಒಬ್ಬನೇ. ಕಾಗದದ ಮೇಲೆ ಮೂವರು. ಸಾಬರ ಮನೆಗಳಲ್ಲಿ ಸೈಯದ್, ಷೇಕ್ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಗಳನ್ನು ಎಣಿಸಲು ಎರಡು ಕೈ ಬೆರಳು ಸಾಲವು. ಹುಟ್ಟಿದ ತಾರೀಖಿನದೂ ಇದೇ ಕಥೆ. ಒಂದನೇ ಕ್ಲಾಸಿಗೆ ಸೇರಿಸುವ ದಿನ ಮೇಷ್ಟ್ರು ವಯಸ್ಸು ಸರಿಹೊಂದುವಂತೆ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಬಂತು. ಅಂಕಪಟ್ಟಿಯಿಂದ ಪಾಸ್‌ಪೋರ್ಟ್‌ಗೆ ಹೋಯಿತು. 1989ರ ಜನವರಿ 26ರ ನಂತರ ಹುಟ್ಟಿದವರು ಪಾಸ್‌ಪೋರ್ಟ್‌ಗೆ ಜನನ ಪ್ರಮಾಣಪತ್ರವನ್ನೇ ಕೊಡಬೇಕೆಂಬ ನಿಯಮ ಒಂದು ಕಾಲಕ್ಕೆ ಇತ್ತು. 2016ರ ಡಿಸೆಂಬರ್‌ನಲ್ಲಿ ಅದನ್ನು ಸಡಿಲಿಸಿದರು. ಅಂಕಪಟ್ಟಿ ತೋರಿಸಿ ಪಾಸ್‌ಪೋರ್ಟ್ ಪಡೆದ ಹುಡುಗರು ಜನನದ ಪುಸ್ತಕದ ಮುಖ ನೋಡಲೇ ಇಲ್ಲ. ಈಗ ಮತ್ತೆ ನಿಯಮ ತಿರುಗಿದೆ: 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಆಧಾರ.

ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ? ದಾರಿ ಇಲ್ಲದಿಲ್ಲ. ಹುಟ್ಟಿ ಒಂದು ವರ್ಷ ದಾಟಿದ ಜನನವನ್ನು ಬರೆಸಲು ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ದಾಖಲೆ ಇದ್ದೂ ಹೆಸರಿನ ಕಾಲಂ ಖಾಲಿ ಇರುವುದು ಇನ್ನೊಂದು ಬಗೆ; ನಾಮಕರಣಕ್ಕೆ ಮೊದಲೇ ಬರೆಸಿದ ಎಷ್ಟೋ ಮಕ್ಕಳದು ಹೀಗೆ. ನೋಂದಣಿಯಾದ ಹದಿನೈದು ವರ್ಷದೊಳಗೆ ಹೆಸರು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಮಕ್ಕಳು ಎಸ್ಸೆಸ್ಸೆಲ್ಸಿಗೆ ಬರುವ ಮುಂಚೆ ತಂದೆತಾಯಿ ಒಮ್ಮೆ ಪೆಟ್ಟಿಗೆ ತೆರೆದು ನೋಡಿದರೆ ಮುಂದೆ ಬಹಳ ಓಡಾಟ ಉಳಿಯುತ್ತದೆ.

ಅತ್ತ ಕುವೈತಿನಲ್ಲಿ ಮಗ ಮಾಡಬೇಕಾದದ್ದು ಬೇರೆ. ಪಾಸ್‌ಪೋರ್ಟ್ ಕಳೆದ ಕೂಡಲೇ ಅಲ್ಲಿನ ಪೊಲೀಸರಲ್ಲಿ ದೂರು ಬರೆಸಿ, ಅದರ ಪ್ರತಿಯೊಂದಿಗೆ ಭಾರತೀಯ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಕೊಟ್ಟ ಬೆಂಗಳೂರಿನ ಕಚೇರಿಯಲ್ಲಿ ಹಳೆಯ ಕಡತ ಇರುತ್ತದೆ. ಕಾಯಂ ವಿಳಾಸದ ಪೊಲೀಸ್ ಠಾಣೆಯಿಂದ ವಿಚಾರಣೆಯೂ ನಡೆಯಬಹುದು. ಪೇದೆ ಮನೆಗೆ ಬಂದಾಗ, ಮಗ ಏನೋ ಅಪರಾಧ ಮಾಡಿದ್ದಾನೆಂದು ಹೆದರಿ ‘ಅವನು ಇಲ್ಲಿ ಇಲ್ಲ ಸ್ವಾಮಿ, ಎಲ್ಲಿದಾನೋ ಗೊತ್ತಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುವ ತಾಯಂದಿರಿದ್ದಾರೆ. ಆ ಒಂದು ಮಾತು ಅಲ್ಲಿ ಮಗನ ಅರ್ಜಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬಲ್ಲದು. ಹಾಗಾಗಿ ಅರ್ಜಿ ಹಾಕಿದ ದಿನವೇ ಮನೆಗೆ ಫೋನ್ ಮಾಡಿ ತಿಳಿಸುವುದು ಒಳ್ಳೆಯದು.

ಊರಿಗೆ ತುರ್ತಾಗಿ ಮರಳಬೇಕಾದವರಿಗೆ ಪಾಸ್‌ಪೋರ್ಟಿನ ಬದಲು ‘ಎಮರ್ಜೆನ್ಸಿ ಸರ್ಟಿಫಿಕೇಟ್’ ಎಂಬ ಹಾಳೆ ಕೊಡುತ್ತಾರೆ. ಅದು ಒಂದೇ ದಿಕ್ಕಿನ ಟಿಕೆಟಿನ ಹಾಗೆ. ಭಾರತಕ್ಕೆ ಬರಲು ಮಾತ್ರ. 2018ರಲ್ಲಿ ಕುವೈತ್, 2024ರಲ್ಲಿ ಅರಬ್ ಎಮಿರೇಟ್ಸ್ ಕ್ಷಮಾದಾನದ ಅವಧಿ ಘೋಷಿಸಿದಾಗ, ಕಾಗದವಿಲ್ಲದೆ ಸಿಕ್ಕಿಕೊಂಡಿದ್ದ ಭಾರತೀಯರು ಮನೆಗೆ ಬರಲು ಈ ಹಾಳೆಯೇ ದಾರಿಯಾಯಿತು. ಅದನ್ನು ಕೊಡಬೇಕಾದರೂ ಈತ ಭಾರತೀಯ ಎಂಬುದು ಖಾತ್ರಿಯಾಗಬೇಕು. ಖಾತ್ರಿಯ ಬೇರು ಮತ್ತೆ ಊರಿನಲ್ಲೇ. ಕೊಲ್ಲಿ ದೇಶಗಳಲ್ಲಿ ಮಾಲೀಕರು ಕೆಲಸಗಾರರ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವ ಚಾಳಿ ಹಳೆಯದು. 1967ರ ಪಾಸ್‌ಪೋರ್ಟ್ ಕಾಯಿದೆಯ ಪ್ರಕಾರ ಆ ಪುಸ್ತಕ ಭಾರತ ಸರ್ಕಾರದ ಸ್ವತ್ತು. ಮಾಲೀಕನ ಬೀರುವಿನ ಸ್ವತ್ತಲ್ಲ. ಮೊದಲ ಮತ್ತು ಕೊನೆಯ ಪುಟಗಳ ನಕಲು ಒಂದು ಊರಿನ ಮನೆಯಲ್ಲಿ, ಒಂದು ಮೊಬೈಲಿನಲ್ಲಿ ಇದ್ದರೆ ಅರ್ಧ ಕಷ್ಟ ಕಡಿಮೆ.

ಎಲ್ಲಕ್ಕಿಂತ ಗಡಿಬಿಡಿ ಇರುವುದು ಮಗುವಿನ ವಿಷಯದಲ್ಲಿ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗು ತಂದೆತಾಯಿಯ ಮೂಲಕ ಭಾರತದ ಪ್ರಜೆಯಾಗಬೇಕಾದರೆ, ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದರೆ ಚಿಲಕ ದೆಹಲಿಗೆ ಹೋಗುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಆ ದೇಶದ ಪೌರತ್ವವಾದರೂ ಸಿಗುತ್ತದೆ. ಕೊಲ್ಲಿ ದೇಶಗಳಲ್ಲಿ ಬರೀ ಅಲ್ಲಿ ಹುಟ್ಟಿದ ಮಾತ್ರಕ್ಕೆ ಭಾರತೀಯ ದಂಪತಿಯ ಮಗುವಿಗೆ ಅಲ್ಲಿನ ಪೌರತ್ವ ಸಿಗುವುದಿಲ್ಲ. ಇಲ್ಲಿಯದನ್ನೂ ಬರೆಸದಿದ್ದರೆ, ತೊಟ್ಟಿಲಲ್ಲಿ ಮಲಗಿದ ಕೂಸು ಯಾವ ದೇಶದ ಕಾಗದವೂ ಇಲ್ಲದೆ ಉಳಿಯುತ್ತದೆ.

ಸೊಸೆಯ ಪಾಸ್‌ಪೋರ್ಟ್ ಮದುವೆಗೆ ಮುಂಚಿನದು. ಅದರಲ್ಲಿ ಗಂಡನ ಹೆಸರಿಲ್ಲ. ಮದುವೆ ನಡೆಯಿತೆನ್ನಲು ಇರುವುದು ಲಗ್ನಪತ್ರಿಕೆ, ಆಲ್ಬಮ್ಮು, ಆಂಜನೇಯಸ್ವಾಮಿ. ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ನೋಂದಾಯಿಸಿದ್ದರೆ ಒಂದು ಹಾಳೆಯಲ್ಲಿ ಮುಗಿಯುತ್ತಿತ್ತು. ವಿಮಾನ ಹತ್ತುವ ಅವಸರದಲ್ಲಿ ಅದು ಯಾರಿಗೂ ತೋಚಲಿಲ್ಲ. ಊರಿನಲ್ಲಿರುವವರು ಎಷ್ಟೇ ಓಡಾಡಿದರೂ ಗಂಡಹೆಂಡಿರ ಬದಲು ತಾವು ನಿಂತು ಸಹಿ ಹಾಕಲು ಆಗದು. ಹೋಗುವ ಮುಂಚೆ ಆಗಬೇಕಾದ ಕೆಲಸವೊಂದು ಹೋದ ಮೇಲೆ ನೆನಪಾದರೆ ಹೀಗೆ.

ಇದರ ಇನ್ನೊಂದು ಮುಖ ಕೆ.ಜಿ.ಎಫ್‌ನಲ್ಲಿದೆ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚುವುದಕ್ಕೆ ಬಹಳ ಮೊದಲೇ ಅಲ್ಲಿಂದ ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೋಗಿ ನೆಲೆಸಿದ ಆಂಗ್ಲೋ ಇಂಡಿಯನ್ ಕುಟುಂಬಗಳುಂಟು. ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಎರಡನ್ನೂ ಇಟ್ಟುಕೊಳ್ಳಲು ಇಲ್ಲಿನ ಕಾನೂನು ಬಿಡುವುದಿಲ್ಲ. ಅಂಥವರಿಗಾಗಿ 2005ರಲ್ಲಿ ‘ಓ.ಸಿ.ಐ.’ ಕಾರ್ಡ್ ಬಂತು. 2015ರ ತಿದ್ದುಪಡಿಯಿಂದ ಮರಿಮಕ್ಕಳೂ ಅದಕ್ಕೆ ಅರ್ಹರಾದರು. ಮುತ್ತಾತ ಇಲ್ಲಿಯವನೆಂದು ತೋರಿಸಲು ಆ ಮಕ್ಕಳು ಚರ್ಚಿನ ಜ್ಞಾನಸ್ನಾನದ ಪುಸ್ತಕ, ಹಳೆಯ ಪಾಸ್‌ಪೋರ್ಟ್ ಹುಡುಕಬೇಕಾಗುತ್ತದೆ. ಅಂದಹಾಗೆ ಆ ಕಾರ್ಡ್ ಪೌರತ್ವವಲ್ಲ: ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಆದರೂ ಅದಕ್ಕೂ ಬೇಕಾದದ್ದು ಊರಿನ ಯಾವುದೋ ಪುಸ್ತಕದ ಒಂದು ಸಾಲು.

ಕೊನೆಗೆ ಎಲ್ಲ ದಾರಿಯೂ ಬರುವುದು ಅಲ್ಲಿಗೇ. ಹೊರದೇಶದಲ್ಲಿ ಬೇಕಾಗುವ ಪುರಾವೆ ಹೊರದೇಶದಲ್ಲಿ ಹುಟ್ಟುವುದಿಲ್ಲ. ಅದು ಊರಿನಲ್ಲೇ, ವೀಸಾ ಬರುವ ಎಷ್ಟೋ ವರ್ಷ ಮೊದಲೇ, ಯಾರೋ ಗುಮಾಸ್ತ ಬರೆದ ಸಾಲಿನಲ್ಲಿರುತ್ತದೆ. ಆ ಸಾಲು ಇದೆಯೇ, ಅದರಲ್ಲಿರುವ ಹೆಸರು ತಾರೀಖು ಉಳಿದ ಕಾಗದಕ್ಕೆ ಹೊಂದುತ್ತದೆಯೇ ಎಂದು ಹೊರಡುವ ಮೊದಲೇ ನೋಡಿಕೊಂಡವರು ಜಾಣರು. ನೋಡಿಕೊಳ್ಳದೆ ಹೋದವರಿಗೆ ಊರಿನಲ್ಲಿ ಒಬ್ಬ ತಾಯಿ ಇರಬೇಕು.

ಶ್ರೀನಿವಾಸಪುರದ ಆ ತಾಯಿ ಮರುವಾರ ಪುಂಗನೂರಿನ ಬಸ್ಸು ಹತ್ತುತ್ತಾಳೆ. ಮಗನ ಅಂಕಪಟ್ಟಿ, ಗಂಡನ ಹೆಸರಿನ ಪಹಣಿ, ತನ್ನ ಮತದಾರರ ಚೀಟಿ, ಎಲ್ಲವೂ ಚೀಲದಲ್ಲಿವೆ. ಕಚೇರಿಯಲ್ಲಿ ಎರಡು ದಿನ ಕಾದ ಮೇಲೆ ಹಳೆಯ ಪುಸ್ತಕದಲ್ಲಿ ಸಾಲು ಸಿಗುತ್ತದೆ. ಗಂಡು ಮಗು; ತಂದೆಯ ಹೆಸರು, ತಾಯಿಯ ಹೆಸರು, ಊರು. ಮಗುವಿನ ಹೆಸರು ಮಾತ್ರ ಇಲ್ಲ. ಇಷ್ಟಾದರೂ ಸಿಕ್ಕಿತಲ್ಲ ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

‘ಎಷ್ಟು ಪ್ರತಿ ಬೇಕಮ್ಮಾ?’ ಎಂದು ಗುಮಾಸ್ತ ತೆಲುಗಿನಲ್ಲಿ ಕೇಳುತ್ತಾನೆ.

ಆಕೆ ಎರಡು ಎನ್ನುತ್ತಾಳೆ. ಒಂದು ಮಗನಿಗೆ. ಇನ್ನೊಂದು ಮೊಮ್ಮಗನಿಗೆ, ಮುಂದೆ ಯಾವತ್ತಾದರೂ ಅವನನ್ನೂ ಯಾರಾದರೂ ಕೇಳಿಯೇ ಕೇಳುತ್ತಾರೆ.